ವಿಕಾರಾಬಾದ್ ಬರುವತನಕ

ಈ ಮೇ ತಿಂಗಳ ಎರಡನೆಯ ಶನಿವಾರ ನಾರಾಯಣಗೂಡದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಫುಟ್‌ಪಾತಿನ ಮೇಲೆ ಒಬ್ಬಾತ ಕೂಲರುಗಳಿಗೆ ಹೊಸ ಲಾವಂಚದ ಚಾಪೆ ಕಟ್ಟುತ್ತಿದ್ದ. ಕಟ್ಟಿ ಮುಗಿದದ್ದರ ಮೇಲೆ ಚೊಂಬಿನಿಂದ ನೀರು ಚಿಮುಕಿಸಿ, ಫ್ಯಾನು ತಿರುಗಿಸಿ ನೋಡಿದ. ಆ ಒದ್ದೆ ಗಾಳಿ ನೇರ ನನ್ನ ಮುಖಕ್ಕೆ ಬಂತು. ನನ್ನ ಬಸ್ಸೂ ಬಂತು. ನಾನು ಹತ್ತಲಿಲ್ಲ. ಎರಡು ಸಾವಿರದ ಐದರ ಬೇಸಿಗೆಯಲ್ಲಿ ನಮ್ಮ ಮನೆಯ ತುಂಬ ಇದೇ ವಾಸನೆ ಇತ್ತು. ಆ ಕೂಲರಿನ ಎದುರು ಅಮ್ಮ ನಿಂತಿರುತ್ತಿದ್ದಳು.

ನಾನು ದಿನಚರಿ ಬರೆಯುವವಳು. ಹೈಸ್ಕೂಲಿನಿಂದಲೂ ಬರೆಯುತ್ತಿದ್ದೇನೆ. ಮಳೆ ಬಂದದ್ದು, ಕರೆಂಟು ಹೋದದ್ದು, ಮನೆಗೆ ಬಂದವರು, ಮಾವಿನಹಣ್ಣಿನ ಡಜನ್ನು ಎಲ್ಲಕ್ಕೂ ತಾರೀಖು ಹಾಕಿ ಲೆಕ್ಕ ಇಟ್ಟಿರುತ್ತೇನೆ. ಆ ವರ್ಷ ನನಗೆ ಇಪ್ಪತ್ತು. ಬಿಎಸ್ಸಿ ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಮನೆ ಉಪ್ಪಲ್‌ನಲ್ಲಿ, ಎರಡನೆಯ ಮಹಡಿ. ಅಪ್ಪ ಅಲ್ಲೇ ಸಮೀಪದ ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದರು. ಅಮ್ಮ ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಇಬ್ಬರೂ ಗುಲಬರ್ಗಾ ಕಡೆಯವರು. ಹೊರಗೆ ಹೋದರೆ ತೆಲುಗು, ಹಿಂದಿ; ಚಪ್ಪಲಿ ಬಿಟ್ಟು ಒಳಗೆ ಬಂದರೆ ಗುಲಬರ್ಗಾ.

ಅಮ್ಮನಿಗೆ ನಲವತ್ತೆಂಟು ತುಂಬಿತ್ತು. ಏಪ್ರಿಲ್ ಬರುವ ಮೊದಲೇ ಅವಳಿಗೆ ಸೆಕೆ ಶುರುವಾಗಿತ್ತು. ಒಗ್ಗರಣೆಗೆ ಸಾಸಿವೆ ಹಾಕಿದವಳು ಸೌಟನ್ನು ನನ್ನ ಕೈಗೆ ತುರುಕಿ ಕೂಲರಿನ ಮುಂದೆ ಓಡುತ್ತಿದ್ದಳು. ಸೆರಗು ಸರಿಸಿ ಕುತ್ತಿಗೆಗೆ ಗಾಳಿ ಹಿಡಿಯುತ್ತಿದ್ದಳು. ಮುಖ, ಕಿವಿ, ಎದೆಯ ಮೇಲ್ಭಾಗ ಎಲ್ಲ ಕೆಂಪಾಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬೆವರು ಇಳಿದು ನಡುಗುತ್ತಿದ್ದಳು.

"ಏನಾಗ್ತದ ಅಮ್ಮಾ?" ಎಂದರೆ, "ಒಳಗ ಯಾರೋ ಒಲಿ ಹಚ್ಚಿದಂಗ ಆಗ್ತದ. ನೀ ಸಾಸಿವಿ ನೋಡು, ಸೀದುಹೋದೀತು" ಅನ್ನುತ್ತಿದ್ದಳು.

ಅಪ್ಪ ಕೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ ಬಕೆಟ್ಟಿನಲ್ಲಿ ನೀರು ಹೊತ್ತು ಕೂಲರು ತುಂಬಿಸಿ ಹೋಗುತ್ತಿದ್ದರು. ಕೇಳುವ ಬದಲು ಅದನ್ನು ಮಾಡುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಸೆಕೆಯಾದರೂ ಎಲ್ಲರಿಗೂ ಕಾಣುತ್ತಿತ್ತು. ಕಾಣದ್ದು ಬೇರೆ ಇತ್ತು. ಅಮ್ಮ ತನ್ನ ಗೆಳತಿಯರಿಂದ ದೂರವಾಗುತ್ತಿದ್ದಳು.

ಗೆಳತಿಯರೆಂದರೆ ಇಬ್ಬರು. ಒಬ್ಬರು ಇಂದು ಮೌಶಿ. ಧಾರವಾಡದವರು, ಬೇಗಂಪೇಟೆಯಲ್ಲಿ ಮನೆ, ಟೆಲಿಫೋನ್ ಇಲಾಖೆಯಲ್ಲಿ ಸೂಪರ್‌ವೈಸರ್. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಮಡಿ, ಏಕಾದಶಿ ಬಿಟ್ಟವರಲ್ಲ. ಮಾತು ಕಡಿಮೆ, ಅಪ್ಪಣೆ ಹೆಚ್ಚು. ಇನ್ನೊಬ್ಬರು ಗಂಗಕ್ಕ, ಬಿಜಾಪುರದವರು, ನಮ್ಮ ಹಿಂದಿನ ಗಲ್ಲಿಯಲ್ಲೇ ಇದ್ದರು. ಅವರ ಯಜಮಾನರು ರಕ್ಷಣಾ ಕಾರ್ಖಾನೆಯೊಂದರಲ್ಲಿದ್ದರು. ಗಂಗಕ್ಕ ನಗಿಸದೆ ಒಂದು ಲೋಟ ನೀರೂ ಕೊಟ್ಟವರಲ್ಲ. ನನ್ನನ್ನು ಅವರು ಅರ್ಚನಾ ಎಂದು ಕರೆದದ್ದೇ ನೆನಪಿಲ್ಲ. ಊರಿನ ಲೆಕ್ಕ ಬರೆಯುವವಳಂತೆ ಸದಾ ಬರೆಯುತ್ತೇನೆಂದು 'ಕುಲಕರ್ಣಿ' ಅನ್ನುತ್ತಿದ್ದರು. "ಬರಕೊಳ್ಳವಾ ಕುಲಕರ್ಣಿ, ಇವತ್ತ ನಿಮ್ಮವ್ವ ಎರಡು ಬಟ್ಟಲ ಚಾ ಕುಡದಾಳ."

ಶನಿವಾರ ಸಂಜೆ ಮೂವರಲ್ಲಿ ಯಾರದಾದರೂ ಮನೆಯಲ್ಲಿ ಸೇರುವುದು, ಒಗ್ಗರಣೆ ಅವಲಕ್ಕಿ ತಿನ್ನುವುದು, ವರ್ಷಕ್ಕೆ ಎರಡು ಸಲ ಗಂಡಸರನ್ನು ಬಿಟ್ಟು ಊರು ನೋಡಲು ಹೋಗುವುದು. ಹತ್ತು ವರ್ಷದಿಂದ ನಡೆದುಬಂದದ್ದು. ಪ್ರಯಾಣಕ್ಕೆ ಇಂದು ಮೌಶಿಯ ಒಂದು ನಿಯಮವಿತ್ತು: ದವಾಖಾನೆಯ ಮಾತು ಆಡಕೂಡದು. ಹಿಂದೊಮ್ಮೆ ಔರಂಗಾಬಾದಿಗೆ ಹೋಗುವಾಗ ಜೊತೆಗೆ ಬಂದ ಹೆಂಗಸೊಬ್ಬರು ದಾರಿಯುದ್ದಕ್ಕೂ ಗಂಡನ ಸಕ್ಕರೆ ಕಾಯಿಲೆ, ಅತ್ತೆಯ ಮಂಡಿ, ತಮ್ಮ ಪಿತ್ತದ ಕಲ್ಲು ಎಲ್ಲವನ್ನೂ ಬಿಚ್ಚಿಟ್ಟಿದ್ದರಂತೆ. ಗುಹೆಗಳ ಮುಂದೆ ನಿಂತಾಗಲೂ ಕಲ್ಲೆಂದರೆ ಆ ಕಲ್ಲೇ ನೆನಪಾಯಿತು ಎಂದು ಗಂಗಕ್ಕ ನಗುತ್ತಿದ್ದರು. ಅಂದಿನಿಂದ ಮೌಶಿ ಹೇಳಿಬಿಟ್ಟಿದ್ದರು: "ರೋಗ ಮನ್ಯಾಗ ಬಿಟ್ಟು ಬರ್ರಿ. ಅದಕ್ಕ ಟಿಕೀಟು ತಗಸೂದಿಲ್ಲ." ಎಲ್ಲರಿಗೂ ಹಿಡಿಸಿದ ನಿಯಮ. ಆಮೇಲೆ ಯಾರೂ ಮುರಿಯಲಿಲ್ಲ.

ಆ ಫೆಬ್ರವರಿಯಲ್ಲಿ ಮೂವರೂ ಯಾದಗಿರಿಗುಟ್ಟಕ್ಕೆ ಹೋಗಿ ಸಂಜೆ ಬಸ್ಸಿನಲ್ಲಿ ಮರಳಿದ್ದರು. ಉಪ್ಪಲ್‌ನಲ್ಲಿ ಇಳಿಯುವಾಗ ಇಂದು ಮೌಶಿ ಹಿಂದಿನಿಂದ ತಮ್ಮ ಶಾಲು ತೆಗೆದು ಅಮ್ಮನ ಸೊಂಟಕ್ಕೆ ಸುತ್ತಿದರು. ಏನೂ ಹೇಳಲಿಲ್ಲ. ಅಮ್ಮ ಮನೆಗೆ ಬಂದು ನೋಡಿದಾಗ ಸೀರೆ, ಲಂಗ ಎರಡೂ ಕಲೆಯಾಗಿದ್ದವು. ಮುಟ್ಟು ಯಾವಾಗ ಬರುತ್ತದೆ, ಎಷ್ಟು ದಿನ ಇರುತ್ತದೆ ಎಂಬುದರ ನೆಲೆಯೇ ಆ ವರ್ಷ ತಪ್ಪಿತ್ತು. ದೇವಸ್ಥಾನದಿಂದ ಬರುವಾಗ, ಬಸ್ಸಿನಲ್ಲಿ, ಮಡಿಯ ಇಂದು ಮೌಶಿಯ ಕಣ್ಣೆದುರು ಹೀಗಾಯಿತೆಂದು ಅಮ್ಮ ಕುಗ್ಗಿಹೋದಳು. ಮರುದಿನ ಯಾರೂ ಫೋನಿನಲ್ಲಿ ಆ ಮಾತೆತ್ತಲಿಲ್ಲ. ಅವರ ಮೌನವನ್ನು ಅವಳು ಅಸಹ್ಯವೆಂದು ಓದಿಕೊಂಡಳು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಕಂಡದ್ದು ಇಷ್ಟೇ: ಶನಿವಾರ ಬಂದರೆ ಅಮ್ಮನಿಗೆ ತಲೆನೋವು. ಮಾರ್ಚ್, ಏಪ್ರಿಲ್ ಎರಡೂ ತಿಂಗಳಲ್ಲಿ ಅವಳು ಹೋದದ್ದು ಎರಡು ಶನಿವಾರ, ಅದೂ ಮುಳ್ಳಿನ ಮೇಲೆ ಕೂತವಳ ಹಾಗೆ ಸೋಫಾದ ಅಂಚಿನಲ್ಲಿ ಕೂತು ಬೇಗ ಎದ್ದು ಬಂದಳು.

ಮೇ ಕೊನೆಯಲ್ಲಿ ಇಂದು ಮೌಶಿಯೇ ಮನೆಗೆ ಬಂದರು. ಬಿಸಿಲಿನಿಂದ ಬಂದವರು ಕೂಲರಿನ ಮುಂದೆ ಕೂತು, "ಸುಧಾ, ರಿಟೈರ್ ಆಗೂದ್ರಾಗ ಬೀದರಿನ ಝರಣಿ ನರಸಿಂಹನ ಹರಕಿ ತೀರಿಸಬೇಕು. ನೀವಿಬ್ಬರೂ ನನ್ನ ಜೋಡಿ ನೀರಾಗ ಇಳೀಬೇಕು. ಇಲ್ಲ ಅನಬ್ಯಾಡ" ಎಂದರು.

ಬೀದರಿನ ಝರಣಿ ಗೊತ್ತಿಲ್ಲದವರಿಗೆ: ಅಲ್ಲಿ ದೇವರು ಗುಡ್ಡದ ಹೊಟ್ಟೆಯೊಳಗಿದ್ದಾನೆ. ಗುಹೆಯ ತುಂಬ ಎದೆಮಟ್ಟದ ನೀರು. ಒಬ್ಬರ ಹಿಂದೊಬ್ಬರು ಕೈ ಹಿಡಿದು ಆ ನೀರಿನಲ್ಲೇ ನಡೆದು ಹೋಗಿ ದರ್ಶನ ಮಾಡಿ, ನೀರಿನಲ್ಲೇ ಮರಳಬೇಕು. ಅಂಥ ಜಾಗಕ್ಕೆ 'ಹೊರಗಾದ' ಹೆಂಗಸು ಹೋಗುವ ಪ್ರಶ್ನೆಯೇ ನಮ್ಮ ಮನೆಗಳಲ್ಲಿ ಇರಲಿಲ್ಲ.

ಅಮ್ಮ ಹೊಲಿಯುತ್ತಿದ್ದ ಬ್ಲೌಸಿನ ದಾರ ಕಡಿದು, "ಆಗಲಿ ಇಂದೂಬಾಯಿ" ಅಂದಳು.

ಹಬ್ಬ, ಮದುವೆ, ಯಾತ್ರೆ ಬಂದರೆ ಮುಟ್ಟು ಮುಂದೆ ಹಾಕುವ ಗುಳಿಗೆ ನುಂಗುವುದು ನಮ್ಮ ಹೆಂಗಸರಿಗೆ ಹೊಸದಲ್ಲ. ಮೆಡಿಕಲ್ ಶಾಪಿನಲ್ಲಿ ಹೆಸರನ್ನೂ ಹೇಳಬೇಕಿಲ್ಲ. 'ಪೂಜೆ ಇದೆ' ಅಂದರೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಅಮ್ಮನೂ ತಂದುಕೊಂಡಳು. ಜೂನ್ ಎರಡನೆಯ ಶನಿವಾರಕ್ಕೆ ಹೊರಡುವುದೆಂದಿತ್ತು. ಆ ವಾರ ಮೌಶಿಗೆ ರಜೆ ಸಿಗಲಿಲ್ಲ. ಜೂನ್ ಕೊನೆಗೆ ಎಂದಾಯಿತು. ಗಂಗಕ್ಕನಿಗೆ ಜ್ವರ ಬಂತು. ಜುಲೈ ಮೊದಲ ವಾರವೆಂದರು. ಅದೂ ಎರಡು ದಿನ ಮುಂದೆ ಹೋಯಿತು. ಪ್ರತಿ ಸಲ ತಾರೀಖು ಬದಲಾದಾಗ ನಾನು ದಿನಚರಿಯಲ್ಲಿ ಹಳೆಯದನ್ನು ಹೊಡೆದು ಹೊಸದನ್ನು ಬರೆದೆ. ಅಮ್ಮ ಪ್ರತಿ ಸಲ ಇನ್ನೊಂದು ಪಟ್ಟಿ ಗುಳಿಗೆ ತಂದಳು. 'ಈ ತಾರೀಖು ನನಗೆ ಆಗುವುದಿಲ್ಲ' ಎನ್ನುವ ಒಂದು ಮಾತು ಅವಳ ಬಾಯಲ್ಲಿ ಬರಲಿಲ್ಲ. ಕೊನೆಯ ಎರಡು ದಿನದ ಹೊತ್ತಿಗೆ ಪಟ್ಟಿ ಮುಗಿದಿತ್ತು. ಸುರಿವ ಮಳೆಯಲ್ಲಿ ಮತ್ತೆ ಅಂಗಡಿಗೆ ಹೋಗಲಿಲ್ಲ. ಐದು ವಾರ ತಡೆದದ್ದು ಎರಡು ದಿನ ನಿಲ್ಲದೇ ಹೋದೀತೇ ಎಂದುಕೊಂಡಳಂತೆ.

ಸಾಮಾನು ಹೊರಲು, ತಲೆ ಎಣಿಸಲು ನನ್ನನ್ನೂ ಕರೆದುಕೊಂಡರು. ಬೇಗಂಪೇಟೆ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಲಿಂಗಂಪಲ್ಲಿ ದಾಟಿದ ಮೇಲೆ ಮೊದಲ ಮಳೆ ಕುಡಿದ ಹೊಲಗಳು ಬಂದವು. ಗಂಗಕ್ಕ ಡಬ್ಬಿ ಬಿಚ್ಚಿ ಎಲ್ಲರ ಕೈಗೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. ಎರಡು ತುತ್ತು ತಿಂದ ಅಮ್ಮನ ಮುಖ ಕೆಂಪೇರಿತು. ರೊಟ್ಟಿ ನನಗೆ ಕೊಟ್ಟು ಕಿಟಕಿಯ ಸರಳಿಗೆ ಹಣೆ ಒತ್ತಿದಳು.

ಗಂಗಕ್ಕ ಟವಲು ಒದ್ದೆ ಮಾಡಿ ಅಮ್ಮನ ಕತ್ತಿನ ಮೇಲೆ ಹಾಕಿ, ಡಬ್ಬಿಯ ಮುಚ್ಚಳದಿಂದ ಬೀಸತೊಡಗಿದರು.

"ನನಗ ಇದು ಬಂದಾಗ ಡಿಸೆಂಬರಿನ್ಯಾಗ ಫ್ಯಾನ್ ಹಚ್ಚತಿದ್ದೆ," ಅಂದರು ನನ್ನ ಕಡೆ ನೋಡುತ್ತ. "ನಮ್ಮನಿಯವರು ಎರಡು ರಜಾಯಿ ಹೊತಗೊಂಡು ಹಾಲಿನ್ಯಾಗ ಮಲಗತಿದ್ರು. ಮುಂಜಾನೆದ್ದು ನೋಡಿದ್ರ ಮೈಸೂರು ದಸರಾದ ಆನಿ ಮಲಗಿದಂಗ ಕಾಣತಿದ್ರು."

ಅಮ್ಮ ಸರಳಿಗೆ ಹಣೆ ಒತ್ತಿಕೊಂಡೇ ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಆದರೆ ಇಂದು ಮೌಶಿ, "ಗಂಗಾ, ರೂಲು" ಅಂದರು. ಮಾತು ಅಲ್ಲಿಗೇ ನಿಂತಿತು. ರೈಲು ವಿಕಾರಾಬಾದ್ ತಲುಪಿತು.

ಬೀದರಿನಲ್ಲಿ ಒಂದು ಲಾಡ್ಜಿನಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಅಮ್ಮ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿದ್ದಳು. ಮುಖ ಬಿಳಿಚಿತ್ತು. ಆಟೋದಲ್ಲಿ ನನ್ನ ಭುಜ ಹಿಡಿದುಕೊಂಡೇ ಕೂತಳು.

ಝರಣಿಯ ಮೆಟ್ಟಿಲ ಹತ್ತಿರ ಸಾಲು ಇತ್ತು. ಗುಹೆಯ ಬಾಯಿಂದ ತಂಪಾದ, ಬಾವಲಿಯ ವಾಸನೆಯ ಗಾಳಿ ಬರುತ್ತಿತ್ತು. ಒಳಗೆ ಹೋದವರ ಗೋವಿಂದನ ಕೂಗು ನೀರಿನ ಮೇಲೆ ತೇಲಿ ಹೊರಗೆ ಬರುತ್ತಿತ್ತು. ಇಂದು ಮೌಶಿ ಕಚ್ಚೆ ಬಿಗಿದು, ತುಳಸಿ ಮಾಲೆಯನ್ನು ಕೊರಳಿಗೆ ಸುತ್ತಿ, ಮೊಣಕಾಲುಮಟ್ಟ ನೀರಿಗಿಳಿದಿದ್ದರು. ಅವರ ಹಿಂದೆ ಗಂಗಕ್ಕ. ಹಿಂದೆ ಚಾಚಿದ ಗಂಗಕ್ಕನ ಕೈಯನ್ನು ಅಮ್ಮ ಹಿಡಿಯಲಿಲ್ಲ.

"ನೀವು ಹೋಗ್ರಿ," ಅಂದಳು. "ನಾ ಇಲ್ಲೇ ಕೂಡ್ತೀನಿ."

"ಯಾಕವಾ? ಹೆದರಿದಿ ಏನು? ಕೈ ಹಿಡಿ, ನಾ ಮುಳುಗಿದ್ರ ಇಡೀ ನೀರ ಹೊರಗ ಬರತೈತಿ."

ಅಮ್ಮ ತಲೆ ಅಲ್ಲಾಡಿಸಿದಳು. ಆಮೇಲೆ ಹಾಗೇ ಮೆಟ್ಟಿಲ ಮೇಲೆ ಕುಸಿದಳು. ನಾನು ಹಿಡಿದುಕೊಂಡೆ. ಸೀರೆಯ ಅಂಚಿನಿಂದ ಕಲ್ಲಿನ ಮೇಲೆ ಇಳಿಯುತ್ತಿದ್ದದ್ದು ನೀರಲ್ಲ ಎಂದು ಗೊತ್ತಾಗಲು ನನಗೆ ಒಂದು ಗಳಿಗೆ ಹಿಡಿಯಿತು.

ಇಂದು ಮೌಶಿ ತಿರುಗಿ ನೋಡಿದರು. ನೀರಿನಿಂದ ಮೇಲೆ ಬಂದರು.

"ಮುಟ್ಟಬ್ಯಾಡ್ರಿ ಇಂದೂಬಾಯಿ, ನಾ ಹೊರಗ ಆಗೀನಿ," ಅಂದಳು ಅಮ್ಮ. "ನಿಮ್ಮ ಮಡಿ..."

ಮೌಶಿ ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತು ಅಮ್ಮನ ತಲೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. "ಬಾಯಿ ಮುಚ್ಚು," ಅಂದರು.

"ಬಾಯಾರ, ನಿಮ್ಮ ಹರಕಿ?" ಗಂಗಕ್ಕ ನೀರಿನಲ್ಲೇ ನಿಂತು ಕೇಳಿದರು.

"ಅಂವ ಎಲ್ಲಿಗೆ ಹೋಗ್ತಾನ? ಗುಹಾದಾಗೇ ಇರ್ತಾನ. ನೀ ಆಟೋ ಕರಿ."

ಊರಿನಲ್ಲೇ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ರಕ್ತಸ್ರಾವ ಕಡಿಮೆಯಾಗಲು ಔಷಧಿ ಕೊಟ್ಟು, ಹೈದರಾಬಾದಿಗೆ ಹೋದ ಕೂಡಲೇ ಪೂರಾ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ ಎಂದರು. ಲಾಡ್ಜಿಗೆ ಬಂದು ಅಮ್ಮನನ್ನು ಮಲಗಿಸಿದೆವು. ಅಮ್ಮ ಮಾಡಿನ ಕಡೆ ನೋಡುತ್ತ ಮೆಲ್ಲಗೆ ಎಲ್ಲ ಹೇಳಿದಳು. ಯಾದಗಿರಿಗುಟ್ಟದ ಬಸ್ಸು, ಐದು ವಾರದ ಗುಳಿಗೆ. ಆಮೇಲೆ ನಾನೂ ಕೇಳಿರದ ಮಾತು:

"ನಮ್ಮ ವತ್ಸಲಕ್ಕಗೂ ಹಿಂಗೇ ಸುರೂ ಆಗಿತ್ತು. ವರ್ಷಗಟ್ಟಲೆ ರಕ್ತ ಹೋಗ್ತಿತ್ತು. ವಯಸ್ಸಿಂದು ಅಂತ ಯಾರಿಗೂ ಹೇಳಲಿಲ್ಲ. ಹೇಳೂದ್ರಾಗ ಎಲ್ಲಾ ಮುಗದಿತ್ತು. ಡಾಕ್ಟರ್ ಕಡೆ ಹೋದ್ರ ನನಗೂ ಅದ ಅಂತಾರ. ಅದಕ್ಕ ಹೋಗಿಲ್ಲ."

ವತ್ಸಲಕ್ಕ ಎಂದರೆ ನನ್ನ ದೊಡ್ಡಮ್ಮ. ನಾನು ಚಿಕ್ಕವಳಿದ್ದಾಗ ಗರ್ಭಕೋಶದ ಕ್ಯಾನ್ಸರಿನಿಂದ ಹೋದವರು. ಆ ಬೇಸಿಗೆಯೆಲ್ಲ ಅಮ್ಮ ಕೂಲರಿನ ಮುಂದೆ ನಿಂತು ಏನನ್ನು ನೋಡುತ್ತಿದ್ದಳೆಂದು ಆಗ ತಿಳಿಯಿತು.



"ಬಸ್ಸಿನಾಗ ಅವತ್ತು ನಾ ಯಾಕ ಮಾತಾಡ್ಲಿಲ್ಲ ಗೊತ್ತೇನು?" ಇಂದು ಮೌಶಿ ಅಂದರು. "ಮಾತಾಡಿದ್ರ ನನ್ನದೂ ಹೇಳಬೇಕಾಗ್ತಿತ್ತು. ನನಗ ಐವತ್ತೊಂದಕ್ಕ ಹಿಂಗ ಆಗಿತ್ತು. ಡ್ಯೂಟಿ ಮ್ಯಾಲೆ ಇದ್ದೆ. ಹೆಡ್‌ಫೋನ್ ಹಾಕ್ಕೊಂಡು ಕೂತಕಿ ಏಳಲಿಕ್ಕೇ ಆಗಲಿಲ್ಲ. ಎಲ್ಲಾರೂ ಹೋದ ಮ್ಯಾಲೆ ಎದ್ದೆ. ಆಮ್ಯಾಲೆ ಅಕ್ಕನ ಮಗಳ ಮದುವಿ ಅಂತ ರಜಾ ಬರದುಕೊಟ್ಟು ಒಬ್ಬಾಕಿನೇ ದವಾಖಾನಿಗೆ ಹೋಗಿ ಗರ್ಭಚೀಲ ತೊಳಿಸಿಕೊಂಡು ಬಂದೆ."

"ಯಾವ ಮದುವಿ? ನಾವು ಲಾಡು ಕೇಳಿದ್ವಲ್ಲ ನಿಮಗ?" ಗಂಗಕ್ಕ ಕಣ್ಣರಳಿಸಿದರು.

"ಹೌದು. ಮಿಠಾಯಿ ಅಂಗಡ್ಯಾಗ ಕೊಂಡು ತಂದು ಕೊಟ್ಟೆ."

"ಅಯ್ಯ ನಮ್ಮವ್ವ! ಮದುವ್ಯಾಗಿನ ಲಾಡು ಭಾಳ ಛಲೋ ಅದಾವು ಅಂತ ಹೊಗಳಿದ್ನಲ್ರಿ ನಾನು!"

ಮೌಶಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಔರಂಗಾಬಾದಿಂದು ನೆಪ. ಆ ರೂಲು ನನಗ ಬೇಕಾಗಿತ್ತು," ಎಂದರು. ಅಷ್ಟು ಹೇಳಿ ನನ್ನ ಕಡೆ ತಿರುಗಿದರು. "ಕುಲಕರ್ಣಿ, ಬರಕೋ. ರೂಲು ರದ್ದು."

ಗಂಗಕ್ಕ ತಮ್ಮದನ್ನೂ ಸೇರಿಸಿದರು. "ಕೊರಳಾಗ ಲಿಂಗ ಐತಿ, ನಮಗ ಇದರ ಸೂತಕ ಇಲ್ಲ ಅಂತಾರ. ಆದ್ರ ನಮ್ಮತ್ತಿ ನನ್ನ ಅಡಗಿಮನಿ ಹೊಚ್ಚಲ ದಾಟಾಕ ಬಿಡತಿರಲಿಲ್ಲ. ದೇವರು ಬಿಟ್ರೂ ಅತ್ತಿ ಬಿಡಾಂಗಿಲ್ಲ ನೋಡು."

ಮರುದಿನ ಹೈದರಾಬಾದಿಗೆ ಬಂದವರು ಬೇಗಂಪೇಟೆಯಲ್ಲಿ ಇಳಿದು ತಮ್ಮ ತಮ್ಮ ಮನೆಗೆ ಹೋಗಲಿಲ್ಲ. ಸ್ಟೇಷನ್ನಿನಿಂದಲೇ ಅಪ್ಪನಿಗೆ ಫೋನು ಮಾಡಿ, ನಾಲ್ವರೂ ನಾರಾಯಣಗೂಡದಲ್ಲಿ ಇಂದು ಮೌಶಿಗೆ ಗೊತ್ತಿದ್ದ ಡಾಕ್ಟರಮ್ಮನ ಬಳಿ ಹೋದೆವು. ವಯಸ್ಸಾದ ಹೆಂಗಸು, ಅರ್ಧ ತೆಲುಗು, ಅರ್ಧ ಹಿಂದಿ. ಕೊನೆಯ ನಾಲ್ಕು ಮುಟ್ಟಿನ ತಾರೀಖು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಆ ವರ್ಷ ನನ್ನ ಬಳಿ ಮಳೆಯದೂ ಇತ್ತು, ಕರೆಂಟಿನದೂ ಇತ್ತು, ಅದೊಂದೇ ಇರಲಿಲ್ಲ. ಕೇಳುವುದೇ ನನಗೆ ಹೊಳೆದಿರಲಿಲ್ಲ.

ಸ್ಕ್ಯಾನ್ ಆಯಿತು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತ ಬಹಳ ಕಡಿಮೆ ಇದೆ ಎಂದರು. ಉಳಿದದ್ದು ರಿಪೋರ್ಟು ಬಂದ ಮೇಲೆ, ಒಂದು ವಾರ.

ಆ ವಾರದ ಪುಟಗಳಲ್ಲಿ ಮಳೆಯದೇ ಲೆಕ್ಕ. ಬೇರೆ ಏನು ಬರೆಯುವುದೆಂದು ತಿಳಿಯದೆ ಪ್ರತಿ ಮಳೆಯನ್ನೂ ಬರೆದಿದ್ದೇನೆ. ಅಮ್ಮ ಒಂದೇ ಬ್ಲೌಸಿನ ತೋಳನ್ನು ಹೊಲಿದು ಬಿಚ್ಚಿ, ಮತ್ತೆ ಹೊಲಿದು ಬಿಚ್ಚಿದಳು. ಅಪ್ಪ ಮಳೆಗಾಲದಲ್ಲೂ ಕೂಲರಿಗೆ ನೀರು ತುಂಬಿಸಿದರು. ಮಂಗಳವಾರ ಸಂಜೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನಗರೆ ಹೇಳಬೇಕಿತ್ತಲ್ಲ ಸುಧಾ" ಎಂದದ್ದು ಕೇಳಿಸಿತು. ಅಮ್ಮ, "ನೀವು ಹೆದರಿಕೊಳ್ತೀರಿ ಅಂತ" ಅಂದಳು. "ಈಗೇನು ಹೆದರಿಲ್ಲೇನು?" ಎಂದರು ಅಪ್ಪ.

ಗೆಳತಿಯರು ಶನಿವಾರಕ್ಕೆ ಕಾಯಲಿಲ್ಲ, ದಿನಾ ಬಂದರು. ಗಂಗಕ್ಕ ಬೆಳಿಗ್ಗೆ ನುಗ್ಗೆಸೊಪ್ಪಿನ ಪಲ್ಯ, ಎಳ್ಳುಂಡೆ ತಂದು ಎದುರು ಕೂತು ತಿನ್ನಿಸುತ್ತಿದ್ದರು. ಇಂದು ಮೌಶಿ ಕಚೇರಿ ಮುಗಿಸಿ ಬೇಗಂಪೇಟೆಯಿಂದ ಉಪ್ಪಲ್‌ಗೆ, ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದರು. ಬಂದು ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಅಮ್ಮನ ಪಕ್ಕದಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಚ್ಚಿಕೊಡುತ್ತಿದ್ದರು. ಒಂದು ಬ್ಲೌಸಿಗೆ ಎಲ್ಲ ಹುಕ್ಕೂ ತಿರುಗಾಮುರುಗಾ ಹಚ್ಚಿದ್ದರು. ಅಮ್ಮ ಬಿಚ್ಚಲಿಲ್ಲ.

ರಿಪೋರ್ಟಿನ ದಿನ ಡಾಕ್ಟರಮ್ಮನ ಸಣ್ಣ ಕೋಣೆಯೊಳಗೆ ನಾವು ನಾಲ್ವರೂ ನುಗ್ಗಿದೆವು. ಅಪ್ಪ ಬಾಗಿಲಲ್ಲೇ ಉಳಿದರು.

"ಮೀರಂದರೂ ಎವರಮ್ಮಾ?" ನೀವೆಲ್ಲ ಯಾರು ಎಂದು ಡಾಕ್ಟರಮ್ಮ ಕನ್ನಡಕ ಇಳಿಸಿ ನೋಡಿದರು.

"ಹಮ್ ಸಬ್ ಪೇಷೆಂಟ್ ಹೈ ಮೇಡಂ," ಎಂದರು ಗಂಗಕ್ಕ. "ಏಕ್ ಹೀ ಬೀಮಾರಿ, ತೀನ್ ಬಾಡಿ." ನಾವೆಲ್ಲ ಪೇಷೆಂಟು, ಕಾಯಿಲೆ ಒಂದೇ, ಮೈ ಮೂರು ಎಂದು.

ಡಾಕ್ಟರಮ್ಮ ನಗಲಿಲ್ಲ. ಕಾಗದ ಬಿಡಿಸಿ ಪೂರ್ತಿ ಓದಿದರು. ಅಮ್ಮನ ಕೈ ನನ್ನ ಕೈಯಲ್ಲಿತ್ತು. ಅದರ ಬೆವರು ಸೆಕೆಯದೋ ಹೆದರಿಕೆಯದೋ ಗೊತ್ತಾಗಲಿಲ್ಲ.

"ಏಮೀ ಲೇದು," ಎಂದರು. ಏನೂ ಇಲ್ಲ. "ಕ್ಯಾನ್ಸರ್ ನಹೀ ಹೈ."

ಅಮ್ಮ ಮತ್ತೆ ಕೇಳಿದಳು. ಡಾಕ್ಟರಮ್ಮ ಮತ್ತೆ ಹೇಳಿದರು. ಬಾಗಿಲಲ್ಲಿ ಅಪ್ಪ ಜೋರಾಗಿ ಉಸಿರು ಬಿಟ್ಟದ್ದು ಒಳಗೆ ಕೇಳಿತು. ಆಮೇಲೆ ಡಾಕ್ಟರಮ್ಮ ಬೈದರು, ಚೆನ್ನಾಗಿ ಬೈದರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೀಗೆ ಏರುಪೇರಾಗುತ್ತದೆ. ಆದರೆ ರಕ್ತ ಹೆಚ್ಚು ಹೋದರೆ ವಯಸ್ಸೆಂದು ಸುಮ್ಮನಿರಬಾರದು, ತೋರಿಸಬೇಕು. ಆ ಗುಳಿಗೆ ಡಾಕ್ಟರನ್ನು ಕೇಳದೆ ನುಂಗುವಂಥದ್ದಲ್ಲ. ಇನ್ನು ಮುಂದೆ ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಓಡಿ ಬರಬೇಕು. ರಕ್ತಕ್ಕೆ ಕಬ್ಬಿಣದ ಗುಳಿಗೆ, ದಿನಾ ನಡಿಗೆ, ಚಹಾ ಕಡಿಮೆ. "ಔರ್ ಘೂಮೋ," ಎಂದರು ಕೊನೆಗೆ, "ದೋಸ್ತೋಂ ಕೆ ಸಾಥ್ ಘೂಮೋ." ಗೆಳತಿಯರ ಜೊತೆ ಊರು ಸುತ್ತಿ, ಅದಕ್ಕೆ ನನ್ನ ಚೀಟಿ ಬೇಡ ಎಂದು.

ಹೊರಗೆ ಬಂದು ಇರಾನಿ ಹೋಟೆಲಿನಲ್ಲಿ ಕೂತೆವು. ಚಹಾ ಕಡಿಮೆ ಮಾಡಬೇಕೆಂದು ಹೇಳಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅಮ್ಮ ಚಹಾ ತರಿಸಿದಳು, ಉಸ್ಮಾನಿಯಾ ಬಿಸ್ಕೀಟು ಅದ್ದಿ ತಿಂದಳು. ಯಾರೂ ತಡೆಯಲಿಲ್ಲ. ಗಂಗಕ್ಕ ಒಮ್ಮೆಲೇ ಅಳಲು ಶುರುಮಾಡಿದರು. ಮಾಣಿ ಹೆದರಿ ನೀರು ತಂದಿಟ್ಟ. ಇಂದು ಮೌಶಿ, "ಸಂತೋಷಕ್ಕ ಅಳ್ಲಿಕ್ಕತ್ತಾಳ, ಇನ್ನೊಂದು ಪ್ಲೇಟ್ ಬಿಸ್ಕೀಟ್ ತಾ" ಅಂದರು.

ಸೆಕೆ ನಿಂತಿತೆಂದಲ್ಲ. ಇನ್ನೂ ಎರಡು ವರ್ಷ ಅದು ಬರುತ್ತಿತ್ತು. ಆದರೆ ಅದಕ್ಕೆ ಮೂರು ಮನೆಯಲ್ಲೂ ಜಾಗವಾಯಿತು. ಬೆಳಿಗ್ಗೆ ಅಮ್ಮ, ಗಂಗಕ್ಕ ಉಪ್ಪಲ್ ಸ್ಟೇಡಿಯಮ್ಮಿನ ಕಡೆ ನಡೆದು ಬರುತ್ತಿದ್ದರು. ಶನಿವಾರದ ತಲೆನೋವು ಹೋಯಿತು. ಲಾವಂಚದ ಹಳೆಯ ಚಾಪೆಯನ್ನು ಕತ್ತರಿಸಿ, ಅಂಚಿಗೆ ಬ್ಲೌಸಿನ ಬಟ್ಟೆ ಹೊಲಿದು ಅಮ್ಮ ಮೂರು ಬೀಸಣಿಗೆ ಮಾಡಿದಳು. ನೀರು ಚಿಮುಕಿಸಿ ಬೀಸಿದರೆ ರೈಲಿನ ಡಬ್ಬಿಯೆಲ್ಲ ಘಮಘಮ.

ಏಕೆಂದರೆ ಡಿಸೆಂಬರಿನಲ್ಲಿ ಮತ್ತೆ ಬೀದರಿಗೆ ಹೊರಟಿದ್ದೆವು. ಇಂದು ಮೌಶಿ ನಿವೃತ್ತರಾಗಿದ್ದರು. ಈ ಸಲ ಅವರೇ ಹೇಳಿದರು: "ಗುಳಿಗಿ ಗಿಳಿಗಿ ಏನಿಲ್ಲ. ಆ ದಿನಾ ಯಾರರೆ ಹೊರಗ ಆದ್ರ ಎಲ್ಲಾರೂ ಮೆಟ್ಟಲಾ ಮ್ಯಾಲೆ ಕೂತು ರೊಟ್ಟಿ ತಿಂದು ಬರೋಣು. ಹರಕಿ ನಂದು, ನನಗ ಅವಸರಿಲ್ಲ." ಹಳೆಯ ನಿಯಮದ ಜಾಗಕ್ಕೆ ಹೊಸದೂ ಬಂತು. ಬೇಗಂಪೇಟೆಯಲ್ಲಿ ರೈಲು ಹತ್ತಿದ ಕೂಡಲೇ ದವಾಖಾನೆಯ ಮಾತು ಶುರು. ಒಬ್ಬೊಬ್ಬರಾಗಿ, ಏನನ್ನೂ ಮುಚ್ಚಿಡದೆ. ಯಾರ ಮಂಡಿ, ಯಾರ ರಕ್ತ, ಯಾರಿಗೆ ನಿದ್ದೆಯಿಲ್ಲ, ಯಾರು ಸುಮ್ಮಸುಮ್ಮನೆ ಅತ್ತರು. ವಿಕಾರಾಬಾದ್ ಬಂದರೆ ಮುಗಿಯಿತು. ಅಲ್ಲಿಂದ ಮುಂದೆ ಹೊಲ, ಹಾಡು, ರೊಟ್ಟಿ. ಆ ದಿನ ಗಂಗಕ್ಕ ಮಾತು ಮುಗಿಸದೆ ವಿಕಾರಾಬಾದ್ ಬಂದುಬಿಟ್ಟಿತು. "ಗಾರ್ಡಗ ಹೇಳ್ರಿ, ಸ್ವಲ್ಪ ನಿಂದರಸಲಿ. ನನ್ನ ಮಲಬದ್ಧತಿ ಇನ್ನೂ ಉಳದೈತಿ" ಎಂದು ಕೂಗಿದರು. ಎದುರಿನ ಸೀಟಿನ ಗಂಡಸು ಎದ್ದು ಬಾಗಿಲಿಗೆ ಹೋಗಿ ನಿಂತ. ಇಂದಿಗೂ ಅವರ ಪ್ರಯಾಣ ಹೀಗೆಯೇ. ಬೇರೆ ದಾರಿಯಲ್ಲಿ ಹೋದರೂ ಆ ದಾರಿಯ ಯಾವುದಾದರೂ ಒಂದು ಸ್ಟೇಷನ್ನನ್ನು 'ನಮ್ಮ ವಿಕಾರಾಬಾದ್' ಎಂದು ಗೊತ್ತುಮಾಡಿಕೊಳ್ಳುತ್ತಾರೆ.

ಝರಣಿಯ ನೀರು ಡಿಸೆಂಬರಿನಲ್ಲಿ ಕೊರೆಯುತ್ತಿತ್ತು. ಮುಂದೆ ಇಂದು ಮೌಶಿ, ಅವರ ಕೈ ಹಿಡಿದು ಗಂಗಕ್ಕ, ಆಮೇಲೆ ಅಮ್ಮ, ಕೊನೆಗೆ ನಾನು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಮೇಲೆ ಬಲ್ಬುಗಳ ಮಂಕು ಬೆಳಕು, ಬಾವಲಿಗಳ ಕಿಚಪಿಚ. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

ಅರ್ಧ ದಾರಿಯಲ್ಲಿ ಅಮ್ಮ ನಿಂತಳು. ಸಾಲು ನಿಂತಿತು. ಜುಲೈ ತಿಂಗಳ ಮೆಟ್ಟಿಲು ನೆನಪಾಗಿ ನಾನು ಅವಳ ಕೈಯನ್ನು ಬಿಗಿಯಾಗಿ ಹಿಡಿದೆ.

"ಏನಾತ ಸುಧಾ?" ಮುಂದಿನಿಂದ ಇಂದು ಮೌಶಿಯ ದನಿ.

"ಬಂತು," ಅಂದಳು ಅಮ್ಮ.

"ಏನ ಬಂತು?"

"ಬೆಂಕಿ!"

ಮಂಕು ಬೆಳಕಿನಲ್ಲೂ ಅವಳ ಕಿವಿ ಕೆಂಪಾದದ್ದು ಕಂಡಿತು. ಕೊರೆಯುವ ನೀರಿನಲ್ಲಿ ಎದೆಮಟ್ಟ ನಿಂತವಳ ಹಣೆಯಲ್ಲಿ ಬೆವರು. ಗಂಗಕ್ಕ ಎರಡೂ ಕೈಯಿಂದ ನೀರು ಎತ್ತಿ ಅವಳ ತಲೆಯ ಮೇಲೆ ಸುರಿದರು. "ಬರಲಿ ಬಿಡವಾ. ಇದಕ್ಕಿಂತ ದೊಡ್ಡ ಕೂಲರ್ ನಿನಗ ಎಲ್ಲಿ ಸಿಗತೈತಿ?" ಇಂದು ಮೌಶಿ ನಗತೊಡಗಿದರು, ಆ ನಗು ಗುಹೆಯ ಗೋಡೆಗೆ ಬಡಿದು ಹಿಂದೆ ಬಂತು, ಮುಂದೆ ಹೋಯಿತು.

ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬಾತ, "ಯಾಕ್ರೀ ಅಮ್ಮಾರ, ಮುಂದ ನಡೀರಿ. ಏನಾಗೈತಿ?" ಎಂದ.

ಅಮ್ಮ ತಿರುಗಿದಳು. ಫೆಬ್ರವರಿಯಿಂದ ಜುಲೈತನಕ ಯಾರಿಗೂ ಬಾಯಿಬಿಡದೆ ಇದ್ದವಳು, ಗುರುತಿಲ್ಲದ ಆ ಗಂಡಸಿಗೆ, ಗುಹೆಗೆಲ್ಲ ಕೇಳುವ ದನಿಯಲ್ಲಿ ಹೇಳಿದಳು:

"ವಯಸ್ಸಿಂದು ಸೆಕಿ ರಿ, ನಮ್ಮಪ್ಪಾ. ಎರಡು ನಿಮಿಷ ತಡೀರಿ, ಇಳೀತದ."

ಅವನು ಒಂದು ಕ್ಷಣ ನೋಡಿದ. "ನಮ್ಮವ್ವಗೂ ಹಂಗ ಬರತೈತ್ರಿ," ಅಂದು ಮಗುವಿನ ಕಾಲು ಗಟ್ಟಿಯಾಗಿ ಹಿಡಿದು ನಿಂತುಕೊಂಡ.

ನಾವೆಲ್ಲ ನಿಂತೆವು. ಅದು ಇಳಿಯಿತು. ಅಮ್ಮ ಗಂಗಕ್ಕನ ಕೈ ಹಿಡಿದು ಮುಂದೆ ನಡೆದಳು.